ದೊಡ್ಡಪ್ಪನ ಎರಡು ದೋಣಿಗಳು

ಬಂಗಾಳ ಕೊಲ್ಲಿಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ನಮ್ಮ ದೊಡ್ಡಪ್ಪನ ಮೇಲಿತ್ತು. ನೀವು ನಗುತ್ತೀರಿ, ಗೊತ್ತು. ನಗಿ! ನಮ್ಮೂರಿನವರೂ ನಗುತ್ತಿದ್ದರು. ಆದರೆ ನಾನು ಇವತ್ತಿಗೂ ಮದ್ರಾಸಿಗೆ ಹೋಗಿ ಬೀಚಿನಲ್ಲಿ ನಿಂತರೆ, ಕಾಲಿಗೆ ಅಲೆ ತಾಕಿದ ಕೂಡಲೇ, 'ಹೋ, ಇದರಲ್ಲಿ ನಮ್ಮ ಮನೆಯದೂ ಇದೆ' ಎಂದುಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಇಂಥ ನಂಬಿಕೆಗಳನ್ನು ಬಿಟ್ಟುಬಿಟ್ಟರೆ ಇನ್ನೇನು ಉಳಿಯುತ್ತದೆ, ಹೇಳಿ?

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಮೇಲೂರಿನ ಆಚೆ, ಒಂದು ದಿಣ್ಣೆಯ ಮೇಲಿತ್ತು. ಊರೆಂದರೆ ಊರೂ ಅಲ್ಲ, ಪೇಟೆಯೆಂದರೆ ಪೇಟೆಯೂ ಅಲ್ಲ. ಒಂದು ಅಗಲದ ಬೀದಿ, ವಾರಕ್ಕೊಂದು ಸಂತೆ, ಮನೆಮನೆಯಲ್ಲೂ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವ ಚರಚರ ಸದ್ದು, ಚಿಕ್ಕಬಳ್ಳಾಪುರದ ಬಸ್ಸು ನಿಲ್ಲುವ ಹುಣಸೆಮರ. ಇಷ್ಟೇ. ಹೊಳೆ ಇರಲಿಲ್ಲ. ಅದೇ ಎಲ್ಲ ತಾಪತ್ರಯಕ್ಕೂ ಮೂಲ.

ನನ್ನನ್ನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಜಾಗ್ರಫಿ ಕ್ಲಾಸಿನಲ್ಲಿ ಥೇಮ್ಸ್, ಡ್ಯಾನ್ಯೂಬ್ ಎಂದು ಕಲಿತು ರಜೆಗೆ ಬಂದು ದೊಡ್ಡಪ್ಪನ ಮುಂದೆ ಒಪ್ಪಿಸಿದೆ. ಅವರು ಕವಳ ಅಗಿಯುತ್ತಾ ಪೂರ್ತಿ ಕೇಳಿದರು.

"ಆ ಥೇಮ್ಸು ಹುಟ್ಟೋ ಜಾಗದಲ್ಲಿ ಎಷ್ಟು ಹೊಳೆ ಹುಟ್ತಾವಂತೆ?"

"ಒಂದೇ ದೊಡ್ಡಪ್ಪ. ಥೇಮ್ಸ್."

"ಒಂದೇನಾ! ಒಂದು ಹೊಳೆ ಹುಟ್ಸಿದ್ದಕ್ಕೆ ಬುಕ್ಕಲ್ಲಿ ಹಾಕವ್ರಾ? ಬಾ ಮಗಾ, ಮೇಲೆ ಹೋಗಣ."

ಮೇಲೆ ಅಂದರೆ ಮನೆಯ ಮಾಳಿಗೆಯ ಮೇಲೆ. ಆಗ ನಮ್ಮ ಕಡೆ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ತೊಲೆ ಜಂತೆಗಳ ಮೇಲೆ ಮಣ್ಣು, ಅದರ ಮೇಲೆ ನೀರಿಳಿಯದ ಹಾಗೆ ಚೌಳುಮಣ್ಣು. ದೊಡ್ಡಪ್ಪ ಏಣಿ ಹತ್ತಿ ಪಶ್ಚಿಮಕ್ಕೆ ಕೈ ಚಾಚಿದರು. ದೂರದಲ್ಲಿ ನಂದಿ, ಮೋಡ ಹೊದ್ದು ಮಲಗಿತ್ತು. ಆ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ ಹುಟ್ಟಿ ಗೌರಿಬಿದನೂರಿನ ಕಡೆ ಹೋಗುತ್ತದೆ, ದಕ್ಷಿಣ ಪಿನಾಕಿನಿ ಹೊಸೂರಿನ ಕಡೆ, ಅರ್ಕಾವತಿ ಕಾವೇರಿಯ ಕಡೆ, ಇತ್ತ ಪಾಪಾಗ್ನಿ ಆಂಧ್ರಕ್ಕೆ, ಅತ್ತ ಚಿಂತಾಮಣಿ ಆಚೆಯಿಂದ ಪಾಲಾರು ತಮಿಳರ ಸೀಮೆಗೆ. ಹೆಸರು ಹೇಳುತ್ತಾ ಹೋದಂತೆ ಅವರ ಕೈ ಗಡಿಯಾರದ ಮುಳ್ಳಿನ ಹಾಗೆ ಸುತ್ತಿತು. ನಾನು ಬಾಯಿ ಬಿಟ್ಟುಕೊಂಡು ಸುತ್ತಿದೆ.

"ಎಲ್ಲಾ ನಮ್ಮಿಂದಾನೇ ಹೋಗೋದು ಕಣಮ್ಮ. ನಾವು ಒಂದನ್ನೂ ಇಟ್ಕೊಳ್ಳಲಿಲ್ಲ. ಕೊಟ್ಟೋರು ನಾವು. ಈಗ ಕಾಲು ಅಗಲ ಮಾಡಿ ನಿಂತ್ಕೋ."

ಮಾಳಿಗೆಯ ನಟ್ಟನಡುವೆ, ಪೂರ್ವ ಪಶ್ಚಿಮವಾಗಿ ಒಂದು ಸಣ್ಣ ಏರು. ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ನಿಲ್ಲಿಸಿದರು. ಉತ್ತರಕ್ಕೆ ಬಿದ್ದ ಮಳೆ ಬೀದಿಯ ಮೋರಿ ಸೇರಿ, ಕೆರೆಯಿಂದ ಕೆರೆಗೆ ಕೋಡಿ ಹರಿದು, ಪಾಪಾಗ್ನಿ ಸೇರಿ, ಪೆನ್ನೆ ಅಂದರೆ ಅದೇ ಉತ್ತರ ಪಿನಾಕಿನಿ ಸೇರಿ, ನೆಲ್ಲೂರಿನ ಹತ್ತಿರ ಸಮುದ್ರ. ದಕ್ಷಿಣಕ್ಕೆ ಬಿದ್ದದ್ದು ಹಿತ್ತಿಲ ಓಣಿ ಹಿಡಿದು, ಬೇರೆ ಕೆರೆಗಳನ್ನು ದಾಟಿ, ದಕ್ಷಿಣ ಪಿನಾಕಿನಿ ಸೇರಿ, ಹೊಸೂರು ದಾಟಿ, ಮದ್ರಾಸ್ ಸೀಮೆಯ ಸಮುದ್ರ!

ಹತ್ತು ವರ್ಷದ ಹುಡುಗಿಗೆ ಇದಕ್ಕಿಂತ ಗ್ರ್ಯಾಂಡ್ ಆದದ್ದು ಇನ್ನೇನು ಬೇಕು? ಎಡಗಾಲಿನಲ್ಲಿ ಆಂಧ್ರ, ಬಲಗಾಲಿನಲ್ಲಿ ಮದ್ರಾಸ್, ನಡುವೆ ನಮ್ಮ ಅಡುಗೆಮನೆ. ಕೆಳಗಿನಿಂದ ದೊಡ್ಡಮ್ಮನ ಒಗ್ಗರಣೆಯ ವಾಸನೆ ಎರಡೂ ರಾಜ್ಯಗಳಿಗೆ ಸಮನಾಗಿ ಬರುತ್ತಿತ್ತು.

ಆ ಏರಿನ ಮೇಲೆ ದೊಡ್ಡಪ್ಪನಿಗಿದ್ದ ಕಾಳಜಿಯನ್ನು ಏನೆಂದು ಹೇಳಲಿ! ಮಳೆಗಾಲಕ್ಕೆ ಮೊದಲು ಚೌಳುಮಣ್ಣು ಹರಡಿಸಿ, ನೆತ್ತಿಯ ಮೇಲೆ ಒಂದು ನಿಂಬೆಹಣ್ಣು ಇಡುವರು. ಅದು ಉತ್ತರಕ್ಕೆ ಉರುಳಿದರೆ ಮದ್ರಾಸಿನವರಿಗೆ ಮೋಸ, ದಕ್ಷಿಣಕ್ಕೆ ಉರುಳಿದರೆ ಆಂಧ್ರದವರಿಗೆ ಮೋಸ. ನಿಂಬೆಹಣ್ಣು ನಿಲ್ಲುವವರೆಗೂ ಮಣ್ಣು ತಟ್ಟಿಸುತ್ತಿದ್ದರು. "ಸಾರಿಗೆ ಹಿಂಡೋಕೆ ಇಟ್ಟಿದ್ದ ಹಣ್ಣು ಎಲ್ಲಿ?" ಎಂದು ದೊಡ್ಡಮ್ಮ ಕೂಗಿದರೆ, "ಸ್ವಲ್ಪ ತಾಳೇ, ಇನ್ನೂ ತೀರ್ಮಾನ ಆಗಿಲ್ಲ" ಎಂದು ಮೇಲಿನಿಂದ ಉತ್ತರ.

ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಏಣಿ! ಒಮ್ಮೆ ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಂದೆಗೆ ಮಂಡಿನೋವು. ದೊಡ್ಡಪ್ಪ ಬಿಡುತ್ತಾರೆಯೇ? ಹೇಗೋ ಹತ್ತಿಸಿದರು. ಹತ್ತಿದವರಿಗೆ ಇಳಿಯಲು ಆಗಲಿಲ್ಲ. ಉಪ್ಪಿಟ್ಟು, ಕಾಫಿ ಎಲ್ಲ ಮೇಲಕ್ಕೇ ಹೋಯಿತು, ಕೊನೆಗೆ ಮಾತುಕತೆಯೂ ಅಲ್ಲೇ ಆಯಿತು. ಅವರು ನಮ್ಮ ಎಲ್ಲ ಮಾತಿಗೂ ಹೂಂ ಎಂದರಂತೆ. "ಒಪ್ಪಿಗೆ ಆಯ್ತು, ಈಗಲಾದ್ರೂ ಇಳಿಸಿ ಸ್ವಾಮಿ!"

ನಮ್ಮೂರಿನ ಇತಿಹಾಸವನ್ನೂ ದೊಡ್ಡಪ್ಪ ಇದೇ ಮಾಳಿಗೆಯಿಂದ ಹೇಳುತ್ತಿದ್ದರು. ಪಾಳೇಗಾರರು, ಸುಲ್ತಾನರು, ಮರಾಠರು, ಇಂಗ್ಲಿಷರು, ಎಲ್ಲರ ದಂಡೂ ನಮ್ಮ ದಿಣ್ಣೆಯ ಮೇಲೆಯೇ ಹಾದುಹೋಯಿತಂತೆ. "ಒಬ್ಬರೂ ನಮ್ಮೂರನ್ನ ಗೆಲ್ಲಲಿಲ್ಲ!" ಎಂದು ಅವರು ಎದೆಯುಬ್ಬಿಸಿದರೆ, ಜಗಲಿಯಲ್ಲಿ ಕೂತ ನಮ್ಮ ತಾತ, ಅಂದರೆ ದೊಡ್ಡಪ್ಪನ ಅಪ್ಪ, ಕೆಳಗಿನಿಂದಲೇ ಹೇಳುವರು:

"ಗೆಲ್ಲೋಕೆ ನಿಂತ್ಕೋಬೇಕಲ್ಲೋ. ನಿಂತ್ಕೊಂಡ್ರೆ ಕುದುರೆಗೆ ನೀರೆಲ್ಲಿ?"

ತಾತನಿಗೆ ನೀರಿನ ಮಾತೆತ್ತಿದರೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವಿತ್ತು. ದೊಡ್ಡಪ್ಪನ ಬೆನ್ನಿಗೆ ಹುಟ್ಟಿದ ತಂಗಿ, ನನ್ನ ಅತ್ತೆ, ಹೊಸೂರಿನ ಕಡೆ ಹೊಳೆದಂಡೆಯ ಊರಿಗೆ ಮದುವೆಯಾಗಿ ಹೋಗಿದ್ದಳು. ಮೊದಲ ಗೌರಿಹಬ್ಬಕ್ಕೆ ತಾತ ತಾವೇ ಬಾಗಿನ ಹೊತ್ತುಕೊಂಡು ಹೋದರು. ಊಟ ಮುಗಿಸಿ ಕೈ ತೊಳೆಯುವಾಗ ಬೀಗರು ತಮಾಷೆಗೆ, "ಇನ್ನೊಂದು ಚೊಂಬು ಹಾಕ್ಕೊಳ್ಳಿ ಬೀಗರೇ, ನಿಮ್ಮೂರಲ್ಲಿ ಹೊಳೆ ಇಲ್ವಂತಲ್ಲ, ಪಾಪ!" ಎಂದರಂತೆ. ಅಷ್ಟೇ! ತಾತ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ತಂದ ಬಾಗಿನವನ್ನೂ ಎತ್ತಿಕೊಂಡು, ಬಸ್ಸು ಹತ್ತಿದರು. ಆ ದಿನದಿಂದ ಹೋಗಿ ಬರುವುದು ನಿಂತಿತು. ಅವರು ಅವಳನ್ನು ಕಳಿಸಲಿಲ್ಲ, ಇವರು ಕರೆಯಲಿಲ್ಲ. ಅತ್ತೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಒಂದು ಚೊಂಬು ನೀರಿಗೆ ಇಷ್ಟು! ನಮ್ಮ ಸೀಮೆಯವರ ಪ್ರೆಸ್ಟೀಜ್ ಅಂದರೆ ಹಾಗೆ.

ಮಾಳಿಗೆಯ ನೀರು ಹೊರಕ್ಕೆ ಬೀಳಲು ಉತ್ತರಕ್ಕೊಂದು, ದಕ್ಷಿಣಕ್ಕೊಂದು ತಗಡಿನ ದೋಣಿಗಳಿದ್ದವು. ದೋಣಿಯೆಂದರೆ ಗೋಡೆಯಿಂದ ಈಚೆಗೆ ಚಾಚಿಕೊಂಡು ನೀರು ಸುರಿಸುತ್ತದಲ್ಲ, ಅದು. ನಾನು ಹುಟ್ಟಿದಾಗಿನಿಂದ ಕಂಡ ದೋಣಿ ಅದೊಂದೇ. ಹಾಗಾಗಿ ಕಾನ್ವೆಂಟಿನಲ್ಲಿ 'ಮೈ ನೇಟಿವ್ ಪ್ಲೇಸ್' ಎಂಬ ಕಾಂಪೊಸಿಷನ್ ಕೊಟ್ಟಾಗ, ದೋಣಿಗೆ ಇಂಗ್ಲಿಷಿನಲ್ಲಿ ಬೋಟ್ ಎಂದು ಕಲಿತಿದ್ದ ನಾನು ಬಹಳ ಹೆಮ್ಮೆಯಿಂದ ಬರೆದೆ: 'ದೇರ್ ಈಸ್ ನೋ ರಿವರ್ ಇನ್ ಮೈ ನೇಟಿವ್ ಪ್ಲೇಸ್. ಬಟ್ ಮೈ ಅಂಕಲ್ ಹ್ಯಾಸ್ ಟೂ ಬೋಟ್ಸ್ ಆನ್ ದ ರೂಫ್. ಒನ್ ಗೋಸ್ ಟು ಆಂಧ್ರ. ದಿ ಅದರ್ ಗೋಸ್ ಟು ಮದ್ರಾಸ್.'

ಜಾಗ್ರಫಿ ಸಿಸ್ಟರ್ ನನ್ನನ್ನು ಕರೆಸಿದರು. ಐರ್ಲೆಂಡಿನವರು, ಮೂಗಿನ ತುದಿಯಲ್ಲಿ ಕನ್ನಡಕ.

"ಆನ್ ದ ರೂಫ್, ಚೈಲ್ಡ್? ಈಸ್ ಯುವರ್ ಅಂಕಲ್ ಎಕ್ಸ್‌ಪೆಕ್ಟಿಂಗ್ ಎ ಫ್ಲಡ್?"

"ಯೆಸ್, ಸಿಸ್ಟರ್. ಎವ್ರಿ ಇಯರ್. ಬಟ್ ಇಟ್ ಡಸ್ ನಾಟ್ ಕಮ್."

ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. 'ಬೋಟ್ಸ್' ಎಂಬ ಮಾತಿನ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದರು. ಆದರೆ ಅವರ ಮನಸ್ಸಿನಲ್ಲಿ ಹುಳು ಹೊಕ್ಕಿತ್ತು ಅಂತ ಕಾಣುತ್ತದೆ. ಗೌರಿಹಬ್ಬದ ರಜೆಗೆ ನನ್ನನ್ನು ಊರಿಗೆ ಕಳಿಸುವಾಗ, ಚಿಕ್ಕಬಳ್ಳಾಪುರದಲ್ಲಿ ತಮಗೂ ಏನೋ ಕೆಲಸವಿದೆ, ತಾವೇ ವ್ಯಾನಿನಲ್ಲಿ ಮನೆಯವರೆಗೂ ಬಿಟ್ಟುಬರುವುದಾಗಿ ಹೇಳಿದರು. "ಐ ಶುಡ್ ಲೈಕ್ ಟು ಸೀ ದೀಸ್ ಬೋಟ್ಸ್."

ಇತ್ತ ಊರಿನಲ್ಲಿ ದೊಡ್ಡಪ್ಪನ ಮದ್ರಾಸ್ ದೋಣಿಗೆ ಕುತ್ತು ಬಂದಿತ್ತು.

ದಕ್ಷಿಣದ ಓಣಿಯಾಚೆ, ನಮ್ಮ ಹಿತ್ತಿಲಿಗೆ ಬೆನ್ನು ಹಾಕಿಕೊಂಡು ವೆಂಕಟಮ್ಮನ ಮನೆ. ಮನೆಮಾತು ತೆಲುಗು, ಕೋಪ ಬಂದರಂತೂ ಅಪ್ಪಟ ತೆಲುಗು. ಅವಳು ಆ ಹಿಂಬದಿಯ ಗೋಡೆಯ ಒಳಗಡೆಯೇ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಇಡುತ್ತಿದ್ದಳು. ಹುಳುವಿಗೆ ತೇವ ಆಗದು. ನಮ್ಮ ದೋಣಿಯ ನೀರು ಅವಳ ಗೋಡೆಗೇ ಹೊಡೆಯುತ್ತಿತ್ತು.

"ಏಮಯ್ಯಾ, ನೀ ಮದ್ರಾಸು ನೀಳ್ಳು ಮದ್ರಾಸುಕಿ ಪೋವಾಲಿ ಗದಾ, ಮಾ ಇಂಟ್ಲೋಕಿ ಎಂದುಕು ಒಸ್ತಾಯಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. ಮದ್ರಾಸಿನ ನೀರು ಮದ್ರಾಸಿಗೆ ಹೋಗದೆ ನಮ್ಮ ಮನೆಗೇಕೆ ಬರುತ್ತದೆ! ಪ್ರಶ್ನೆ ನ್ಯಾಯವಾದದ್ದೇ.

"ದಾರೀಲಿ ಸ್ವಲ್ಪ ಸುಧಾರಿಸ್ಕೊಳ್ತದೆ ಕಣಮ್ಮ, ದೂರದ ಪ್ರಯಾಣ" ಎನ್ನುವರು ದೊಡ್ಡಪ್ಪ.

"ಸುಧಾರಿಸ್ಕೊಳ್ಳಿ, ಬೇಡ ಅನ್ನಲ್ಲ. ಗೋಡೆಯೆಲ್ಲ ಹಳದಿ ಯಾಕ್ ಮಾಡ್ಬೇಕು?"

ನಿಜ, ಅವಳ ಸುಣ್ಣದ ಗೋಡೆಯ ಮೇಲೆ ಹಳದಿ ಕಲೆಯೊಂದು ಉದ್ದಕ್ಕೆ ಇಳಿದಿತ್ತು. ಎಷ್ಟು ಸುಣ್ಣ ಬಳಿದರೂ ಮುಂದಿನ ವರ್ಷ ಮತ್ತೆ ಅಲ್ಲೇ. ದೊಡ್ಡಪ್ಪ ಅದನ್ನು ಚೌಳುಮಣ್ಣಿನ ಬಣ್ಣ ಎಂದುಬಿಟ್ಟಿದ್ದರು. ಇನ್ನು ನಮ್ಮ ಮನೆಯೊಳಗೆ ದೊಡ್ಡಮ್ಮನದು ಬೇರೆಯೇ ಗೋಳು. "ಈ ಮನೇಲಿ ಅರಿಶಿನ ತಿನ್ನೋ ಗಾಳಿ ಸೇರ್ಕೊಂಡಿದೆ ಕಣೇ. ಹಬ್ಬ ಬಂತು ಅಂದ್ರೆ ಡಬ್ಬಿ ಖಾಲಿ!" ಊರಿನವರಿಗೆ ನಗಲು ಇನ್ನೊಂದು ವಿಷಯವಿತ್ತು. ಮಳೆ ಬಾರದ ವರ್ಷ ಗೌರಿಹಬ್ಬದ ದಿನ ದೊಡ್ಡಪ್ಪ ಬಾವಿಯಿಂದ ಕೊಡಪಾನಗಟ್ಟಲೆ ನೀರು ಸೇದಿ, ಏಣಿ ಹತ್ತಿ, ಮಾಳಿಗೆಯ ಮೇಲೆ ಸುರಿಯುತ್ತಿದ್ದರು. ಏನೆಂದು ಕೇಳಿದರೆ ಇಳಿಜಾರಿನ ಪರೀಕ್ಷೆ! ಹಬ್ಬದ ದಿನವೇ, ಅದೂ ಮಡಿಪಂಚೆಯಲ್ಲಿ! ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಮಾಳಿಗೆಗೆ ಸ್ನಾನ ಮಾಡಿಸುವ ಮನುಷ್ಯನನ್ನು ಏನೆನ್ನಬೇಕು?

ಕೊನೆಗೆ ವೆಂಕಟಮ್ಮ ತಾತನಿಗೆ ದೂರು ಕೊಟ್ಟಳು. ತಾತ ತೀರ್ಪು ಕೊಟ್ಟರು. ಹಬ್ಬ ಕಳೆದ ಮಾರನೆಯ ದಿನ ಗಾರೆ ಕೆಲಸದವನು ಬಂದು ದಕ್ಷಿಣದ ದೋಣಿ ಮುಚ್ಚಬೇಕು, ಮಾಳಿಗೆಯ ಇಳಿಜಾರೆಲ್ಲ ಉತ್ತರಕ್ಕೇ ತಿರುಗಬೇಕು. ದೊಡ್ಡಪ್ಪ ಜನ್ಮದಲ್ಲಿ ಅಪ್ಪನಿಗೆ ಎದುರಾಡಿದವರಲ್ಲ. ಅವತ್ತು ಮಾತ್ರ ಅನ್ನದ ತಟ್ಟೆ ತಳ್ಳಿ, "ಅದೊಂದು ಬೇಡಪ್ಪ, ಅದನ್ನ ಮುಚ್ಬೇಡಿ" ಎಂದರಂತೆ.

"ಮುಚ್ದೇ ಇದ್ರೆ ಏನು ಸಿಗುತ್ತೋ ನಿಂಗೆ? ನಮ್ಮ ನೀರು ಆ ಹೊಳೆಗೆ ಹೋಗುತ್ತೆ ಅಂತ ನೀನೊಬ್ಬ ಹೇಳ್ತೀಯ. ಬೇರೆ ಯಾವನಾದ್ರೂ ಓದ್ದೋನು ಹೇಳ್ಲಿ, ಬಿಡ್ತೀನಿ."

ಓದಿದವರೇ ಬಂದರಲ್ಲ! ಗೌರಿಹಬ್ಬದ ಮಧ್ಯಾಹ್ನ ನಮ್ಮ ಮನೆಯ ಮುಂದೆ ವ್ಯಾನು ನಿಂತು, ಬಿಳಿ ನಿಲುವಂಗಿಯ ಸಿಸ್ಟರ್ ಇಳಿದಾಗ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. ದೊಡ್ಡಪ್ಪ ಕೈಮುಗಿದರು. ಎಂದಿನಂತೆ ಕಾಫಿಯ ಮಾತಿಲ್ಲ.

"ವೇರ್ ಆರ್ ದ ಬೋಟ್ಸ್?"

"ದೋಣಿ ಎಲ್ಲಿ ಅಂತಾರೆ ದೊಡ್ಡಪ್ಪ."

"ಏಣಿ ತರಿಸು!"

ಸಿಸ್ಟರ್ ಒಂದು ಕೈಯಲ್ಲಿ ನಿಲುವಂಗಿ ಎತ್ತಿ ಹಿಡಿದು ಏಣಿ ಹತ್ತಿದರು. ಹೌದು ರೀ, ಹತ್ತಿದರು! ಹಿಂದೆ ನಾನು. ಮೇಲೆ ಹೋಗಿ ತಗಡಿನ ದೋಣಿ ನೋಡಿದ ಸಿಸ್ಟರ್ ಭುಜ ಕುಲುಕುವಂತೆ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ದೊಡ್ಡಪ್ಪ ನಗಲಿಲ್ಲ. ನಂದಿಯ ಕಡೆ ಕೈ ಚಾಚಿ ಶುರು ಮಾಡಿಯೇಬಿಟ್ಟರು. ನಾನು ತಡವರಿಸುತ್ತಾ ಟ್ರಾನ್ಸ್‌ಲೇಟ್ ಮಾಡಿದೆ. ಹೇಳುತ್ತಾ ಹೋದಂತೆ ಸಿಸ್ಟರ್ ನಗು ನಿಲ್ಲಿಸಿದರು. ದಿಗಂತದ ಸುತ್ತ ಕಣ್ಣು ಹಾಯಿಸಿದರು. ಆಮೇಲೆ ಯಾರೂ ಹೇಳದೆಯೇ ಹೋಗಿ ಆ ಏರಿನ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಂತರು.

"ಎ ವಾಟರ್‌ಶೆಡ್," ಎಂದರು ಮೆಲ್ಲಗೆ, ಚರ್ಚಿನಲ್ಲಿ ಮಾತಾಡುವ ಹಾಗೆ. ನೀರು ಎರಡು ಪಾಲಾಗುವ ನೆತ್ತಿ ಎಂದು ಅರ್ಥ.

ಅಷ್ಟು ಹೊತ್ತಿಗೆ ನಂದಿಯ ಮೇಲಿದ್ದ ಮೋಡ ನಮ್ಮ ತಲೆಯ ಮೇಲಿತ್ತು. ದಪ್ಪ ದಪ್ಪ ಹನಿ ಬಿತ್ತು. ನೋಡನೋಡುತ್ತಿದ್ದಂತೆ ಏರಿನ ಎರಡು ಕಡೆಗೂ ನೀರು ಕವಲೊಡೆದು ಓಡಿತು. ಎರಡು ದೋಣಿಗಳೂ ಒಟ್ಟಿಗೇ ಬಾಯಿಬಿಟ್ಟವು. ಇಳಿಯುವ ಮಾತನ್ನು ಯಾರೂ ಎತ್ತಲಿಲ್ಲ.

"ಕೇಳಮ್ಮ," ಎಂದು ದೊಡ್ಡಪ್ಪ ನನ್ನ ಕಡೆ ತಿರುಗಿದರು, "ಈ ದಕ್ಷಿಣದ ನೀರು ಹೊಸೂರಿನ ಹೊಳೆಗೆ ಹೋಗ್ತದೋ ಇಲ್ವೋ, ಕೇಳು. ಕೆಳಗೆ ತಾತ ಕೇಳಿಸ್ಕೊಳ್ಳಿ."

ಸಿಸ್ಟರ್ ಸುಳ್ಳು ಹೇಳುವವರಲ್ಲ. ದಾರಿ ಸರಿಯಾಗಿದೆ, ಆದರೆ ನಡುವೆ ಎಷ್ಟೋ ಕೆರೆ, ಎಷ್ಟೋ ಗದ್ದೆ, ಎಷ್ಟೋ ಎಮ್ಮೆಗಳಿವೆ, ಒಂದು ಹನಿಯಾದರೂ ತಲುಪುತ್ತದೆಂದು ಪ್ರಾಮಿಸ್ ಮಾಡಲಾರೆ ಎಂದರು. ನಾನು ಹಾಗೇ ಕನ್ನಡದಲ್ಲಿ ಹೇಳಿದೆ.

"ಒಂದು ಹನಿ ಹೋದ್ರೂ ಹೋಗಬಹುದಾ?"

"ಒನ್ ಡ್ರಾಪ್? ಪರ್‌ಹ್ಯಾಪ್ಸ್," ಎಂದರು ಸಿಸ್ಟರ್.

"ಸಾಕು" ಎಂದರು ದೊಡ್ಡಪ್ಪ. ಸೊಂಟದಿಂದ ಒಂದು ಬಾಳೆಲೆಯ ಪೊಟ್ಟಣ ತೆಗೆದರು. ದಕ್ಷಿಣದ ದೋಣಿಯ ಬಳಿ ಕುಕ್ಕರಗಾಲಲ್ಲಿ ಕೂತು, ಅದನ್ನು ಬಿಚ್ಚಿ ಹರಿಯುವ ನೀರಿಗೆ ಬಿಟ್ಟರು. ಅರಿಶಿನ, ಕುಂಕುಮ, ನಾಲ್ಕು ಕಾಳು ಅಕ್ಕಿ, ಒಂದು ಸೇವಂತಿಗೆ ಹೂ.

"ವಾಟ್ ಈಸ್ ಹಿ ಡೂಯಿಂಗ್?"

ಗೌರಿಹಬ್ಬದ ಬಾಗಿನಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. "ಹಿ ಈಸ್ ಸೆಂಡಿಂಗ್ ಸಂಥಿಂಗ್ ಟು ಹಿಸ್ ಸಿಸ್ಟರ್, ಸಿಸ್ಟರ್" ಎಂದೆ. "ಬೈ ದ ಮದ್ರಾಸ್ ಬೋಟ್."

ಸಿಸ್ಟರ್ ನಗಲಿಲ್ಲ. ಅವರ ಕನ್ನಡಕದ ಮೇಲೆಲ್ಲ ಮಳೆ. ಒರೆಸಿಕೊಳ್ಳಲೂ ಇಲ್ಲ.

ಕೆಳಗೆ ಓಣಿಯಲ್ಲಿ ವೆಂಕಟಮ್ಮನ ದನಿ ಕೇಳಿತು. "ಇದಿಗೋ, ಮಳ್ಳೀ ಪಚ್ಚಗಾ!" ಮತ್ತೆ ಹಳದಿ! ಅವಳು ಗೋಡೆಯ ಮೇಲೆ ಬೆರಳಾಡಿಸಿ ಮೂಸಿರಬೇಕು. ದನಿ ಒಮ್ಮೆಗೇ ಬದಲಾಯಿತು. "ಅಯ್ಯೋ... ಪಸುಪು. ಸ್ವಾಮೀ, ಇದು ಮಣ್ಣಲ್ಲ, ಅರಿಶಿನ! ನೀವೇ ಬಂದು ನೋಡಿ."

ಜಗಲಿಯಿಂದ ತಾತ ಎದ್ದು, ಕೋಲೂರಿಕೊಂಡು, ಮಳೆಯಲ್ಲೇ ಮನೆಯ ಹಿಂದಕ್ಕೆ ಬಂದರು. ನಾವು ಮೇಲಿನಿಂದ ಬಗ್ಗಿ ನೋಡಿದೆವು. ಅವರು ದೋಣಿಯ ಕೆಳಗೆ ಕೈ ಒಡ್ಡಿದರು. ಬೊಗಸೆಯಲ್ಲಿ ಹಳದಿ ನೀರು, ಒಂದು ಹೂವಿನ ಎಸಳು. ಗೋಡೆಯ ಮೇಲಿನ ಕಲೆಯನ್ನು ಬುಡದಿಂದ ತುದಿಯವರೆಗೂ ನೋಡಿದರು. ಪ್ರತಿ ವರ್ಷ ಸುಣ್ಣದ ಕೆಳಗಿನಿಂದ ಎದ್ದು ಬರುತ್ತಿದ್ದ ಕಲೆ. ನೋಡುತ್ತಲೇ ನಿಂತರು.

ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಏನೋ," ತಾತ ತಲೆಯೆತ್ತಿ ಕೂಗಿದರು. "ಬಳೆ?"

ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. "ಆಂ?"

"ಬಳೆ ಹಾಕಿದ್ಯೇನೋ? ಬಳೆ ಇಲ್ದೆ ಅದೆಂಥ ಬಾಗಿನ?"

"ಬಳೆ ಹೋಗಲ್ಲಪ್ಪ," ಎಂದರು ದೊಡ್ಡಪ್ಪ, ತಪ್ಪು ಮಾಡಿದ ಹುಡುಗನ ಹಾಗೆ. "ದೋಣಿ ಬಾಯಿ ಚಿಕ್ಕದು."

ತಾತ ಬೊಗಸೆಯ ನೀರನ್ನು ಚೆಲ್ಲಲಿಲ್ಲ. ಬಗ್ಗಿ, ಓಣಿಯಲ್ಲಿ ದಕ್ಷಿಣಕ್ಕೆ ಹರಿಯುತ್ತಿದ್ದ ನೀರಿನೊಳಕ್ಕೆ ಮೆಲ್ಲಗೆ ಬಿಟ್ಟರು.

"ಹಂಗಾದ್ರೆ ನಾಳೆ ಬಸ್ಸಲ್ಲಿ ಹೋಗು."

ಮಾರನೆಯ ದಿನ ಗಾರೆಯವನು ಬಂದ. ದೋಣಿ ಮುಚ್ಚಲಿಲ್ಲ. ವೆಂಕಟಮ್ಮನ ಗೋಡೆಗೆ ಸಿಡಿಯದಂತೆ ಅದರ ಮೂತಿಯನ್ನು ನೆಲದವರೆಗೂ ಇಳಿಸಿಕೊಟ್ಟ. ವೆಂಕಟಮ್ಮ ತಾನೇ ಗುದ್ದಲಿ ಹಿಡಿದು ಓಣಿಯಲ್ಲಿ ಕಾಲುವೆ ತೋಡಿದಳು, "ಮದ್ರಾಸುಕಿ ತೊಂದರಗಾ ಪೋನೀ, ಬೇಗ ಹೋಗ್ಲಿ" ಎನ್ನುತ್ತಾ. ರಜೆ ಮುಗಿಸಿ ಕಾನ್ವೆಂಟಿಗೆ ಹೋದಾಗ ನನ್ನ ಕಾಂಪೊಸಿಷನ್ ವಾಪಸ್ ಬಂತು. ಕೆಂಪು ಅಡ್ಡಗೆರೆಯ ಪಕ್ಕದಲ್ಲಿ ಸಿಸ್ಟರ್ ಸಣ್ಣಗೆ ಬರೆದಿದ್ದರು: 'ಬೋಟ್ಸ್. ಕ್ವೈಟ್ ರೈಟ್.'

ಗಾರೆಯವನು ಬಂದ ಆ ದಿನವೇ ದೊಡ್ಡಪ್ಪ ಮೊರದ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು, ಹಸಿರು ಬಳೆ ಒಡೆಯದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಹೋದರು. ದಾರಿಯಲ್ಲಿ ಸಿಕ್ಕ ಪ್ರತಿ ಸೇತುವೆಯ ಮೇಲೂ ಕಂಡಕ್ಟರಿಗೆ, "ನೋಡ್ಕೊಳ್ಳಿ, ಇದು ನಮ್ಮ ಮನೆ ನೀರು" ಎಂದರಂತೆ. ವಾಪಸ್ ಬಂದವರನ್ನು ಮನೆಮಂದಿಯೆಲ್ಲ ಸುತ್ತುವರಿದೆವು. ಜಗಲಿಯ ಮೇಲೆ ತಾತ ಬೇರೆ ಕಡೆ ಮುಖ ಮಾಡಿಕೊಂಡು ಕಿವಿಯನ್ನು ಮಾತ್ರ ಇತ್ತ ಇಟ್ಟಿದ್ದರು. ಅತ್ತೆ ಏನಂದಳು, ಏನಂದಳು?

ದೊಡ್ಡಪ್ಪ ಬಹಳ ಹೊತ್ತು ಹೆಗಲ ಮೇಲಿನ ಟವೆಲನ್ನು ಮಡಿಸುತ್ತಾ ಕೂತರು.

"'ಇಷ್ಟು ತಡ ಯಾಕೋ ಅಣ್ಣ' ಅಂದ್ಲು."

"ನೀವೇನಂದ್ರಿ?"

"ಏನನ್ಲಿ ಮಗಾ? ದೋಣೀಲಿ ಬಂದೆ ಕಣಮ್ಮ, ಅಂದೆ."